ಎಸ್‌ಕ್ಯೂಎಲ್ ವೇಗವೋ, ಚೈನ್ ವೇಗವೋ: ಐಬಿಎಂ ಐ ವ್ಯವಸ್ಥೆಯಲ್ಲಿ ಅಳೆದು ನೋಡುವ ಬಗೆ

ಒಂದೇ ದತ್ತಾಂಶಕ್ಕೆ ಎರಡು ಬಾಗಿಲುಗಳಿರುವ ವ್ಯವಸ್ಥೆಗಳು ಹೆಚ್ಚಿಲ್ಲ. ಐಬಿಎಂ ಕಂಪನಿಯ ಆಪರೇಟಿಂಗ್ ಸಿಸ್ಟಂ ಆದ ಐಬಿಎಂ ಐ ಅಂಥವುಗಳಲ್ಲಿ ಒಂದು. 1978ರಲ್ಲಿ ಪ್ರಕಟವಾದ ಸಿಸ್ಟಂ/38, 1988ರಲ್ಲಿ ಬಂದ ಎಎಸ್/400, ಈಗಿನ ಐಬಿಎಂ ಐ, ಈ ಮೂರರಲ್ಲೂ ಡೇಟಾಬೇಸ್ ಆಪರೇಟಿಂಗ್ ಸಿಸ್ಟಂನ ಒಳಗೇ ಕುಳಿತಿದೆ. ಆರ್‌ಪಿಜಿ ಅಥವಾ ಕೋಬಾಲ್ ಭಾಷೆಯ ಪ್ರೋಗ್ರಾಂ ಒಂದು ಫೈಲನ್ನು ತೆರೆದು, ಕೀಲಿ ಹಿಡಿದು, ಒಂದೊಂದೇ ರೆಕಾರ್ಡನ್ನು ಓದಬಹುದು; ಕೀಲಿ ಕೊಟ್ಟು ಒಂದು ರೆಕಾರ್ಡ್ ತರುವ ಆರ್‌ಪಿಜಿ ಆಜ್ಞೆಯೇ ಚೈನ್. ಅದೇ ಫೈಲನ್ನು ಟೇಬಲ್ ಎಂದು ಪರಿಗಣಿಸಿ ಎಸ್‌ಕ್ಯೂಎಲ್ ಮೂಲಕ ಪ್ರಶ್ನಿಸಲೂಬಹುದು. ಹೀಗಾಗಿ ಹಳೆಯ ಪ್ರೋಗ್ರಾಂಗಳನ್ನು ಹೊಸದಾಗಿ ಬರೆಯುವ ಪ್ರಸ್ತಾಪ ಬಂದಾಗಲೆಲ್ಲ ಎರಡರಲ್ಲಿ ಯಾವುದು ವೇಗ ಎಂಬ ಪ್ರಶ್ನೆ ಏಳುತ್ತದೆ, ಯಾರೋ ಒಬ್ಬರು ಅರ್ಧ ಗಂಟೆಯಲ್ಲಿ ಒಂದು ಪರೀಕ್ಷೆ ಮಾಡುತ್ತಾರೆ, ಆ ಅರ್ಧ ಗಂಟೆಯ ಫಲಿತಾಂಶ ಹತ್ತು ವರ್ಷ ಆ ತಂಡದ ನಂಬಿಕೆಯಾಗಿ ಉಳಿದುಬಿಡುತ್ತದೆ.

ಇಂಥ ಪರೀಕ್ಷೆಗಳು ದಾರಿ ತಪ್ಪುವುದಕ್ಕೆ ಹೆಚ್ಚಾಗಿ ಒಂದೇ ಕಾರಣ: ಎರಡು ಕೆಲಸಗಳನ್ನು ಹೋಲಿಸುವ ಬದಲು ಎರಡು ಸಾಲು ಕೋಡನ್ನು ಹೋಲಿಸಲಾಗಿರುತ್ತದೆ. ಚೈನ್ ಇದ್ದ ಜಾಗದಲ್ಲಿ ಒಂದು ಸಾಲು ತರುವ ಎಸ್‌ಕ್ಯೂಎಲ್ ಸ್ಟೇಟ್‌ಮೆಂಟಾದ ಸೆಲೆಕ್ಟ್ ಇಂಟು ಹಾಕಿ, ಸುತ್ತಲಿನ ಲೂಪನ್ನು ಇದ್ದ ಹಾಗೆಯೇ ಬಿಟ್ಟರೆ ಎಸ್‌ಕ್ಯೂಎಲ್ ಸೋಲುತ್ತದೆ, ಸೋಲಲೇಬೇಕು. ಅದರಿಂದ ತಿಳಿಯುವುದು ಎಸ್‌ಕ್ಯೂಎಲ್ ನಿಧಾನ ಎಂದಲ್ಲ, ಅದನ್ನು ಚೈನ್‌ನಂತೆ ಬಳಸಬಾರದು ಎಂದು ಮಾತ್ರ.

ಮೊದಲು ಕೆಲಸವನ್ನು ಗೊತ್ತುಮಾಡಿಕೊಳ್ಳಿ

ಹೋಲಿಕೆಯ ಘಟಕ ಒಂದು ಪೂರ್ಣ ಪ್ರಶ್ನೆಯಾಗಿರಲಿ. ಗ್ರಾಹಕರ ಫೈಲ್, ಆರ್ಡರ್ ಹೆಡರ್ ಫೈಲ್, ಆರ್ಡರ್ ವಿವರಗಳ ಫೈಲ್ ಎಂಬ ಮೂರು ಫೈಲುಗಳಿವೆ ಎಂದಿಟ್ಟುಕೊಳ್ಳೋಣ. ಇವುಗಳ ಮೇಲೆ ಸ್ವಭಾವದಲ್ಲಿ ಬೇರೆಬೇರೆಯಾದ ಮೂರು ಕೆಲಸಗಳನ್ನಾದರೂ ಆರಿಸಿಕೊಳ್ಳಬೇಕು. ಪರದೆಯಲ್ಲಿ ಬಳಕೆದಾರ ಒಂದು ಗ್ರಾಹಕ ಸಂಖ್ಯೆ ಕೊಟ್ಟಾಗ ಆ ಒಬ್ಬ ಗ್ರಾಹಕನ ಹೆಸರು ತರುವುದು ಮೊದಲನೆಯದು. ಒಂದು ತಿಂಗಳ ಆರ್ಡರುಗಳನ್ನು ಗ್ರಾಹಕವಾರು ಕೂಡಿಸಿ ವರದಿ ಕೊಡುವುದು ಎರಡನೆಯದು. ಒಂದು ಷರತ್ತಿಗೆ ಒಳಪಡುವ ಎಲ್ಲ ವಿವರ ಸಾಲುಗಳ ಸ್ಥಿತಿಯನ್ನು ಬದಲಿಸುವುದು ಮೂರನೆಯದು. ಇವುಗಳಲ್ಲಿ ಒಂದಕ್ಕೆ ಬಂದ ಉತ್ತರ ಇನ್ನೊಂದಕ್ಕೆ ಅನ್ವಯಿಸುವುದಿಲ್ಲ.

ಪ್ರತಿಯೊಂದು ಕೆಲಸವನ್ನೂ ಎರಡು ರೀತಿಯಲ್ಲಿ ಬರೆಯಿರಿ, ಆದರೆ ಎರಡನ್ನೂ ಆಯಾ ಕ್ರಮದಲ್ಲಿ ನುರಿತವರು ಬರೆಯುವ ಹಾಗೆ ಬರೆಯಿರಿ. ಎರಡನೆಯ ಕೆಲಸಕ್ಕೆ ರೆಕಾರ್ಡ್ ಕ್ರಮದಲ್ಲಿ ಹೆಡರ್ ಫೈಲಿನ ಮೇಲೆ ಸೆಟ್‌ಎಲ್‌ಎಲ್ (ಓದುವ ಜಾಗವನ್ನು ಕೊಟ್ಟ ಕೀಲಿಯ ಬಳಿ ನಿಲ್ಲಿಸುವ ಆಜ್ಞೆ) ಮಾಡಿ ದಿನಾಂಕದ ವ್ಯಾಪ್ತಿ ಮುಗಿಯುವ ತನಕ ಓದುತ್ತ, ಪ್ರತಿ ಹೆಡರಿಗೂ ವಿವರಗಳ ಮೇಲೆ ರೀಡ್‌ಇ (ಅದೇ ಕೀಲಿಯ ಮುಂದಿನ ರೆಕಾರ್ಡ್ ಓದುವ ಆಜ್ಞೆ) ಲೂಪ್ ನಡೆಸಿ, ಗ್ರಾಹಕನ ಹೆಸರಿಗೆ ಚೈನ್ ಮಾಡುವುದು ಸಹಜ. ಎಸ್‌ಕ್ಯೂಎಲ್ ಕ್ರಮದಲ್ಲಿ ಮೂರನ್ನೂ ಜಾಯಿನ್ ಮಾಡಿ, ಗ್ರೂಪ್ ಬೈ ಹಾಕಿದ ಒಂದೇ ಕ್ವೆರಿಯ ಫಲಿತಾಂಶವನ್ನು ಕಂತು ಕಂತಾಗಿ ಅರೇಗೆ ಫೆಚ್ ಮಾಡಿಕೊಳ್ಳುವುದು ಸಹಜ. ಎರಡೂ ಒಂದೇ ಉತ್ತರ ಕೊಡುತ್ತವೆಯೇ ಎಂದು ವೇಗ ಅಳೆಯುವ ಮೊದಲೇ ಸಾಲುಸಾಲಾಗಿ ತಾಳೆ ನೋಡಿ. ಈ ಮಾತು ಅನಗತ್ಯವೆನಿಸಬಹುದು. ಆದರೆ ಹೆಸರೇ ಸಿಗದ ಗ್ರಾಹಕ ಸಂಖ್ಯೆಯನ್ನು ಚೈನ್ ಕ್ರಮ ಖಾಲಿ ಹೆಸರಿನೊಂದಿಗೆ ವರದಿಯಲ್ಲಿ ಉಳಿಸಿಕೊಳ್ಳುವಾಗ ಎರಡೂ ಕಡೆ ಹೊಂದುವ ಸಾಲುಗಳನ್ನಷ್ಟೇ ಉಳಿಸುವ ಇನ್ನರ್ ಜಾಯಿನ್ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಕಡಿಮೆ ಸಾಲು ಕೊಡುವ ಕ್ವೆರಿ ವೇಗವಾಗಿರುವುದರಲ್ಲಿ ಆಶ್ಚರ್ಯವೇನಿಲ್ಲ.

ಖರ್ಚು ಎಲ್ಲಿ ಬೀಳುತ್ತದೆ

ಚೈನ್ ಮಾಡುವ ಪ್ರೋಗ್ರಾಂನಲ್ಲಿ ಯಾವ ಇಂಡೆಕ್ಸ್ (ಕೀಲಿಗಳ ವಿಂಗಡಿತ ಸೂಚಿ) ಹಿಡಿಯಬೇಕು, ಯಾವ ಫೈಲನ್ನು ಮೊದಲು ಓದಬೇಕು ಎಂಬ ನಿರ್ಧಾರಗಳೆಲ್ಲ ಪ್ರೋಗ್ರಾಂ ಬರೆದ ದಿನವೇ ಮುಗಿದಿರುತ್ತವೆ. ಓಡುವಾಗ ಉಳಿಯುವುದು ಇಷ್ಟೇ: ತೆರೆದಿರುವ ಫೈಲಿನ ಇಂಡೆಕ್ಸ್ ಮರದಲ್ಲಿ ಕೀಲಿಯನ್ನು ಹುಡುಕಿ, ರೆಕಾರ್ಡನ್ನು ಬಫರಿಗೆ ತರುವುದು. ಈ ದಾರಿ ಬಹಳ ಚಿಕ್ಕದು. ಅದಕ್ಕೇ ಫೈಲ್ ಆಗಲೇ ತೆರೆದಿದ್ದು ಒಂದೇ ರೆಕಾರ್ಡ್ ಬೇಕಾದಾಗ ಅದನ್ನು ಸೋಲಿಸುವುದು ಕಷ್ಟ.

ಎಸ್‌ಕ್ಯೂಎಲ್‌ನಲ್ಲಿ ಆ ನಿರ್ಧಾರಗಳನ್ನು ಆಪ್ಟಿಮೈಜರ್ ಮಾಡುತ್ತದೆ. 2002ರ ವಿ5ಆರ್2 ಬಿಡುಗಡೆಯೊಂದಿಗೆ ಬಂದ ಎಸ್‌ಕ್ಯೂಇ ಎಂಬ ಹೊಸ ಕ್ವೆರಿ ಎಂಜಿನ್ ಅಂಕಿಅಂಶಗಳನ್ನೂ ಇಂಡೆಕ್ಸುಗಳನ್ನೂ ನೋಡಿ ಯೋಜನೆ ಹಾಕುತ್ತದೆ, ಹಾಕಿದ ಯೋಜನೆಯನ್ನು ಪ್ಲಾನ್ ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ. ಯೋಜನೆ ಸಿದ್ಧವಿದ್ದರೂ ಪ್ರತಿ ಬಾರಿ ಸ್ಟೇಟ್‌ಮೆಂಟ್ ನಡೆಸುವಾಗ ರನ್‌ಟೈಮ್‌ಗೆ ಹೋಗಿ ಬರುವ ಒಂದು ಸ್ಥಿರ ವೆಚ್ಚ ಇದ್ದೇ ಇರುತ್ತದೆ. ಆ ವೆಚ್ಚ ಒಂದು ಸಾಲಿಗೆ ಬಿದ್ದರೆ ದುಬಾರಿ. ಹತ್ತು ಸಾವಿರ ಸಾಲುಗಳ ಮೇಲೆ ಹರಡಿದರೆ ಲೆಕ್ಕಕ್ಕೇ ಬರುವುದಿಲ್ಲ. ಊಹೆಗಾಗಿ ಪ್ರತಿ ಸ್ಟೇಟ್‌ಮೆಂಟಿಗೆ 20 ಮೈಕ್ರೊಸೆಕೆಂಡ್ ಹೆಚ್ಚುವರಿ ಖರ್ಚು ಎನ್ನೋಣ. ಪರದೆಯ ಮುಂದೆ ಕುಳಿತವನಿಗೆ ಅದು ಗೊತ್ತೇ ಆಗದು. ಒಂದು ಲಕ್ಷ ಬಾರಿ ತಿರುಗುವ ಲೂಪಿನಲ್ಲಿ ಅದು 2 ಸೆಕೆಂಡ್, ಒಂದು ಕೋಟಿ ಬಾರಿ ತಿರುಗುವ ಲೂಪಿನಲ್ಲಿ 200 ಸೆಕೆಂಡ್. ನಿಮ್ಮ ಯಂತ್ರದ ನಿಜವಾದ ಸಂಖ್ಯೆ ಬೇರೆಯಿರುತ್ತದೆ, ಆದರೆ ಗುಣಾಕಾರದ ಸ್ವರೂಪ ಇದೇ. ಹಾಗಾಗಿ ಪರೀಕ್ಷೆಯ ಮೊದಲು ಎರಡೂ ಪ್ರೋಗ್ರಾಂಗಳು ಡೇಟಾಬೇಸನ್ನು ಒಟ್ಟು ಎಷ್ಟು ಬಾರಿ ಕರೆಯುತ್ತವೆ ಎಂದು ಕಾಗದದ ಮೇಲೆ ಎಣಿಸಿಕೊಂಡರೆ ಫಲಿತಾಂಶದ ಅರ್ಧವನ್ನು ಮೊದಲೇ ಊಹಿಸಬಹುದು.

ನೆಲವನ್ನು ಸಮ ಮಾಡುವುದು

ಪರೀಕ್ಷೆಯ ಹೆಚ್ಚಿನ ಶ್ರಮ ಇಲ್ಲಿಗೇ ಹೋಗಬೇಕು. ಎರಡು ಕಡೆಗೂ ಸಮನಾಗಿರಬೇಕಾದ ಸಂಗತಿಗಳು ಹಲವು, ಅವುಗಳಲ್ಲಿ ಒಂದು ತಪ್ಪಿದರೂ ಅಳೆದದ್ದು ಬೇರೆಯೇ ಆಗಿಬಿಡುತ್ತದೆ.

ಎಲ್ಲಕ್ಕಿಂತ ಮೊದಲು ತೆರೆಯುವ ಖರ್ಚು. ರೆಕಾರ್ಡ್ ಕ್ರಮವಾಗಲಿ ಎಸ್‌ಕ್ಯೂಎಲ್ ಆಗಲಿ, ದತ್ತಾಂಶದ ಬಳಿ ಹೋಗಲು ಓಪನ್ ಡೇಟಾ ಪಾತ್, ಅಂದರೆ ಒಡಿಪಿ, ಬೇಕೇ ಬೇಕು, ಮತ್ತು ಅದನ್ನು ಹೊಸದಾಗಿ ಕಟ್ಟುವುದು ಒಂದು ರೆಕಾರ್ಡ್ ಓದುವುದಕ್ಕಿಂತ ಎಷ್ಟೋ ಪಾಲು ದುಬಾರಿ. ಎಸ್‌ಕ್ಯೂಎಲ್‌ನಲ್ಲಿ ಸಾಮಾನ್ಯವಾಗಿ ಒಂದು ಸ್ಟೇಟ್‌ಮೆಂಟ್ ಅದೇ ಜಾಬ್‌ನಲ್ಲಿ ಎರಡು ಬಾರಿ ಪೂರ್ತಿಯಾಗಿ ನಡೆದ ಮೇಲೆ ವ್ಯವಸ್ಥೆ ಒಡಿಪಿಯನ್ನು ಮುಚ್ಚದೆ ಉಳಿಸಿಕೊಳ್ಳುತ್ತದೆ. ಮೂರನೆಯ ಬಾರಿಯಿಂದ ನಡೆಯುವುದು ಪೂರ್ಣ ತೆರೆಯುವಿಕೆಯಲ್ಲ, ತೋರಿಕೆಯ ತೆರೆಯುವಿಕೆ ಮಾತ್ರ. ಮೊದಲ ಬಾರಿಯ ಸಮಯವನ್ನೇ ಹಿಡಿದು ತೀರ್ಪು ಕೊಟ್ಟವರು ಅಳೆದದ್ದು ಕ್ವೆರಿಯನ್ನಲ್ಲ, ಬಾಗಿಲು ತೆಗೆಯುವ ಸದ್ದನ್ನು. ಇದಕ್ಕೆ ತದ್ವಿರುದ್ಧವಾದ ಅನ್ಯಾಯವೂ ಉಂಟು: ಆರ್‌ಪಿಜಿ ಪ್ರೋಗ್ರಾಂ ಪ್ರತಿ ಕರೆಯ ಕೊನೆಗೆ ಕೆಲಸ ಪೂರ್ತಿ ಮುಗಿಯಿತೆಂದು ಸೂಚಿಸುವ ಎಲ್‌ಆರ್ ಇಂಡಿಕೇಟರ್ ಆನ್ ಮಾಡಿ ಹೊರಬಂದರೆ ಅದರ ಫೈಲುಗಳೂ ಮುಚ್ಚಿಹೋಗಿ, ಮುಂದಿನ ಕರೆಯಲ್ಲಿ ಮತ್ತೆ ಪೂರ್ತಿ ತೆರೆಯಬೇಕಾಗುತ್ತದೆ. ಪ್ರತಿ ಕರೆಗೂ ಹೊಸ ಆಕ್ಟಿವೇಶನ್ ಗ್ರೂಪಿನಲ್ಲಿ, ಅಂದರೆ ಜಾಬ್‌ನೊಳಗಿನ ಹೊಸ ಸಂಪನ್ಮೂಲ ವಲಯದಲ್ಲಿ, ಓಡುವ ಪ್ರೋಗ್ರಾಂ ಎಸ್‌ಕ್ಯೂಎಲ್ ಉಳಿಸಿಕೊಂಡಿದ್ದ ಒಡಿಪಿಗಳನ್ನು ಕಳೆದುಕೊಳ್ಳುತ್ತದೆ. ಪ್ರೋಗ್ರಾಂನೊಳಗಿನ ಎಸ್‌ಕ್ಯೂಎಲ್‌ನ್ನು ಸಿದ್ಧಪಡಿಸುವ ಪ್ರಿಕಂಪೈಲರಿನ ಕರ್ಸರ್ ಮುಚ್ಚುವ ಆಯ್ಕೆಯನ್ನು ಮಾಡ್ಯೂಲ್ ಮುಗಿದೊಡನೆ ಮುಚ್ಚು ಎಂದು ಇಟ್ಟಿದ್ದರೂ ಅದೇ ಗತಿ. ಆಕ್ಟಿವೇಶನ್ ಗ್ರೂಪ್ ಮುಗಿದಾಗ ಮುಚ್ಚು ಎಂಬ ಆಯ್ಕೆಯಿದ್ದರೆ ಆ ತೊಂದರೆಯಿಲ್ಲ. ಆದ್ದರಿಂದ ಎರಡೂ ಪ್ರೋಗ್ರಾಂಗಳನ್ನು ಹೆಸರುಳ್ಳ ಒಂದೇ ಆಕ್ಟಿವೇಶನ್ ಗ್ರೂಪಿನಲ್ಲಿ ಓಡಿಸಿ, ಮೊದಲ ಮೂರು ಓಟಗಳನ್ನು ಬೇರೆಯಾಗಿ ಬರೆದಿಟ್ಟುಕೊಂಡು, ನಾಲ್ಕನೆಯದರಿಂದ ಅಳೆಯಿರಿ. ಬರೆದಿಟ್ಟ ಮೂರನ್ನು ಎಸೆಯಬೇಡಿ. ರಾತ್ರಿ ಒಂದೇ ಸಲ ಓಡುವ ಬ್ಯಾಚ್ ಜಾಬ್‌ಗೆ ಆ ಮೊದಲ ಓಟವೇ ನಿಜವಾದ ಅಳತೆ.

ಎರಡನೆಯದು ನೆನಪು. ಮೊದಲು ಓಡಿದ ಪ್ರೋಗ್ರಾಂ ಡಿಸ್ಕಿನಿಂದ ಪುಟಗಳನ್ನು ಎಳೆದು ತರುತ್ತದೆ, ಆಮೇಲೆ ಓಡಿದ್ದಕ್ಕೆ ಅವು ಮುಖ್ಯ ಮೆಮೊರಿಯಲ್ಲಿ ಸಿದ್ಧವಾಗಿರುತ್ತವೆ. ಯಾವುದನ್ನು ಎರಡನೆಯದಾಗಿ ಓಡಿಸುತ್ತೀರೋ ಅದು ಗೆಲ್ಲುತ್ತದೆ ಎಂಬಂತಾಗುತ್ತದೆ. ಇದಕ್ಕೆ ಎರಡು ಉಪಾಯಗಳಿವೆ. ಸೆಟ್ ಆಬ್ಜೆಕ್ಟ್ ಆಕ್ಸೆಸ್ ಆಜ್ಞೆಯಿಂದ ಟೇಬಲನ್ನೂ ಇಂಡೆಕ್ಸನ್ನೂ ಮೊದಲೇ ಮೆಮೊರಿ ಪೂಲಿಗೆ ತಂದಿಟ್ಟು ಎರಡನ್ನೂ ಬಿಸಿ ಸ್ಥಿತಿಯಲ್ಲಿ ಅಳೆಯಬಹುದು. ಅಥವಾ ಅದೇ ಆಜ್ಞೆಯ ಪರ್ಜ್ ಆಯ್ಕೆಯಿಂದ ಪ್ರತಿ ಓಟದ ಮೊದಲೂ ಅವನ್ನು ಮೆಮೊರಿಯಿಂದ ಹೊರಹಾಕಿ ಎರಡನ್ನೂ ತಣ್ಣಗಿನ ಸ್ಥಿತಿಯಲ್ಲಿ ಅಳೆಯಬಹುದು. ಎರಡನ್ನೂ ಮಾಡುವುದು ಉತ್ತಮ. ಸಮಯವಿಲ್ಲದವರು ಕನಿಷ್ಠ ಪಕ್ಷ ಮೊದಲು ಚೈನ್ ನಂತರ ಎಸ್‌ಕ್ಯೂಎಲ್, ಮತ್ತೆ ಮೊದಲು ಎಸ್‌ಕ್ಯೂಎಲ್ ನಂತರ ಚೈನ್ ಎಂದು ಸರದಿಯನ್ನು ತಿರುಗಿಸಿ ಓಡಿಸಬೇಕು.

ರೆಕಾರ್ಡುಗಳನ್ನು ಗುಂಪಾಗಿ ತರುವ ಬ್ಲಾಕಿಂಗ್ ವಿಷಯದಲ್ಲಿ ಎರಡು ಕಡೆಯವರೂ ಎಡವುತ್ತಾರೆ. ಓದಲಷ್ಟೇ ತೆರೆದ ಫೈಲನ್ನು ಆರ್‌ಪಿಜಿ ಬರೀ ರೀಡ್‌ನಿಂದ ಅನುಕ್ರಮವಾಗಿ ಓದಿದರೆ ಕಂಪೈಲರ್ ತಾನಾಗಿಯೇ ರೆಕಾರ್ಡುಗಳನ್ನು ಗುಂಪಾಗಿ ತರಿಸುತ್ತದೆ, ಹೀಗಾಗಿ ಪ್ರತಿ ರೀಡ್ ಡೇಟಾಬೇಸಿನವರೆಗೆ ಹೋಗುವುದೇ ಇಲ್ಲ. ಅದೇ ಫೈಲಿನ ಮೇಲೆ ಒಂದು ಸೆಟ್‌ಎಲ್‌ಎಲ್ ಅಥವಾ ಚೈನ್ ಸೇರಿಸಿದರೆ ಆ ಸೌಲಭ್ಯ ತಪ್ಪಿಹೋಗುತ್ತದೆ. ಫೈಲ್ ಘೋಷಣೆಯಲ್ಲಿ ಬ್ಲಾಕ್ ಎಂಬ ಕೀವರ್ಡಿಗೆ ಯೆಸ್ ಕೊಟ್ಟು ಅದನ್ನು ಮರಳಿ ಕೇಳಬಹುದು, ಎಷ್ಟು ರೆಕಾರ್ಡ್ ಒಟ್ಟಿಗೆ ಬರಬೇಕೆಂಬುದನ್ನು ಓವರ್‌ರೈಡ್ ಆಜ್ಞೆಯ ಸೀಕ್‌ಓನ್ಲಿ ಪ್ಯಾರಾಮೀಟರಿನಲ್ಲಿ ಹೇಳಬಹುದು. ಎಸ್‌ಕ್ಯೂಎಲ್ ಕಡೆಯಲ್ಲಿ ಇದಕ್ಕೆ ಸಮನಾದದ್ದು ಬಹುಸಾಲು ಫೆಚ್: ಒಂದೇ ಫೆಚ್‌ನಲ್ಲಿ ನೂರು ಅಥವಾ ಸಾವಿರ ಸಾಲುಗಳನ್ನು ಡೇಟಾ ಸ್ಟ್ರಕ್ಚರ್ ಅರೇಗೆ ತಂದುಕೊಂಡು, ಆ ಅರೇಯ ಮೇಲೆ ಲೂಪ್ ನಡೆಸುವುದು. ಬ್ಲಾಕ್ ಆದ ರೀಡನ್ನು ಒಂಟಿಸಾಲು ಫೆಚ್‌ಗೆ ಹೋಲಿಸಿದ ವರದಿಗಳನ್ನು ನಾನು ಹಲವು ಬಾರಿ ನೋಡಿದ್ದೇನೆ. ಒಮ್ಮೆ ಅಂಥದನ್ನು ನಾನೇ ಬರೆದಿದ್ದೆ.

ಬೀಗ ಮತ್ತು ಕಮಿಟ್‌ಮೆಂಟ್ ಕಂಟ್ರೋಲ್ (ಬದಲಾವಣೆಗಳನ್ನು ಒಟ್ಟಾಗಿ ಖಾಯಂ ಮಾಡುವ ಅಥವಾ ರದ್ದುಮಾಡುವ ವ್ಯವಸ್ಥೆ) ಕೂಡ ಸಮನಾಗಿರಬೇಕು. ಅಪ್‌ಡೇಟ್‌ಗಾಗಿ ತೆರೆದ ಫೈಲಿನ ಮೇಲೆ ಸುಮ್ಮನೆ ಚೈನ್ ಮಾಡಿದರೂ ರೆಕಾರ್ಡಿಗೆ ಬೀಗ ಬೀಳುತ್ತದೆ, ಬೀಗ ಬೇಡದಿದ್ದರೆ ಎನ್ ಎಂಬ ಎಕ್ಸ್‌ಟೆಂಡರ್ ಹಾಕಬೇಕು. ಆರ್‌ಪಿಜಿ ಫೈಲುಗಳು ನೀವು ಕೇಳದ ಹೊರತು ಕಮಿಟ್‌ಮೆಂಟ್ ಕಂಟ್ರೋಲಿನಡಿ ಬರುವುದಿಲ್ಲ; ಆದರೆ ಎಸ್‌ಕ್ಯೂಎಲ್ ಪ್ರಿಕಂಪೈಲರ್ ಏನೂ ಹೇಳದಿದ್ದರೆ ಕಮಿಟ್ ಆಯ್ಕೆಯನ್ನು ಚೇಂಜ್ ಮಟ್ಟಕ್ಕೆ ಇಟ್ಟುಕೊಳ್ಳುತ್ತದೆ, ಜರ್ನಲ್ (ಬದಲಾವಣೆಗಳ ದಾಖಲೆ) ಇಲ್ಲದ ಟೇಬಲಿಗೆ ಬರೆಯಹೋದರೆ ಎಸ್‌ಕ್ಯೂಎಲ್7008 ದೋಷ ಕೊಡುತ್ತದೆ. ಮೂರನೆಯ ಕೆಲಸದಲ್ಲಿ, ಅಂದರೆ ಸಾಮೂಹಿಕ ಅಪ್‌ಡೇಟಿನಲ್ಲಿ, ಒಂದು ಕಡೆ ಕಮಿಟ್ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಆ ಅಳತೆಗೆ ಅರ್ಥವೇ ಇರುವುದಿಲ್ಲ.

ಇನ್ನು ಫೈಲ್ ಹುಟ್ಟಿದ ಬಗೆ. ಫೈಲುಗಳನ್ನು ವರ್ಣಿಸುವ ಹಳೆಯ ಭಾಷೆಯಾದ ಡಿಡಿಎಸ್‌ನಿಂದ ಸೃಷ್ಟಿಯಾದ ಫಿಸಿಕಲ್ ಫೈಲ್ (ದತ್ತಾಂಶವನ್ನು ಹೊತ್ತ ಫೈಲ್) ದತ್ತಾಂಶ ಸರಿಯಿದೆಯೇ ಎಂದು ಓದುವಾಗ ಪರಿಶೀಲಿಸುತ್ತದೆ, ಎಸ್‌ಕ್ಯೂಎಲ್‌ನ ಕ್ರಿಯೇಟ್ ಟೇಬಲ್‌ನಿಂದ ಬಂದದ್ದು ಬರೆಯುವಾಗಲೇ ಪರಿಶೀಲಿಸುತ್ತದೆ. ಹೆಚ್ಚಿನ ಫೈಲುಗಳನ್ನು ನಾವು ಬರೆಯುವುದಕ್ಕಿಂತ ಎಷ್ಟೋ ಹೆಚ್ಚು ಬಾರಿ ಓದುತ್ತೇವಾದ್ದರಿಂದ ಇದು ಸಣ್ಣ ವಿಷಯವಲ್ಲ. ಇಂಡೆಕ್ಸುಗಳಲ್ಲೂ ಇಂಥದೇ ವ್ಯತ್ಯಾಸವಿದೆ: ಎಸ್‌ಕ್ಯೂಎಲ್ ಇಂಡೆಕ್ಸಿನ ಪುಟ ಸಾಮಾನ್ಯವಾಗಿ 64 ಕೆಬಿ, ಡಿಡಿಎಸ್‌ನ ಕೀಲಿಯುಳ್ಳ ಲಾಜಿಕಲ್ ಫೈಲಿನದು (ಫಿಸಿಕಲ್ ಫೈಲನ್ನು ಬೇರೆ ಕ್ರಮದಲ್ಲಿ ತೋರಿಸುವ ಫೈಲಿನದು) ಅದಕ್ಕಿಂತ ತೀರ ಚಿಕ್ಕದು, ಬಹಳ ಬಾರಿ 8 ಕೆಬಿ. ದೊಡ್ಡ ವ್ಯಾಪ್ತಿಯನ್ನು ಓದುವ ಕೆಲಸಕ್ಕೆ ದೊಡ್ಡ ಪುಟ ಒಳ್ಳೆಯದು. ಅಲ್ಲೊಂದು ಇಲ್ಲೊಂದು ರೆಕಾರ್ಡ್ ಹೆಕ್ಕುವ ಕೆಲಸಕ್ಕೆ ಚಿಕ್ಕದೇ ಸಾಕು. ಹೊಸ ಟೇಬಲಿನ ಮೇಲಿನ ಎಸ್‌ಕ್ಯೂಎಲ್‌ನ್ನು ಹಳೆಯ ಫೈಲಿನ ಮೇಲಿನ ಚೈನ್‌ಗೆ ಹೋಲಿಸಿದರೆ ನೀವು ಎರಡು ಬದಲಾವಣೆಗಳನ್ನು ಒಟ್ಟಿಗೆ ಅಳೆದಂತೆ. ಎಸ್‌ಕ್ಯೂಎಲ್ ಇಂಡೆಕ್ಸನ್ನು ಆರ್‌ಪಿಜಿ ಪ್ರೋಗ್ರಾಂ ಲಾಜಿಕಲ್ ಫೈಲಿನಂತೆಯೇ ಘೋಷಿಸಿ ಬಳಸಬಹುದಾದ್ದರಿಂದ ಎರಡೂ ಪ್ರೋಗ್ರಾಂಗಳನ್ನು ಒಂದೇ ಟೇಬಲ್, ಒಂದೇ ಇಂಡೆಕ್ಸಿನ ಮೇಲೆ ಓಡಿಸಲು ಅಡ್ಡಿಯೇನೂ ಇಲ್ಲ.

ಅಳೆಯುವಾಗ

ಗಡಿಯಾರದ ಸಮಯವೊಂದನ್ನೇ ನಂಬಬಾರದು. ಅದೇ ಹೊತ್ತಿಗೆ ಇನ್ಯಾವುದೋ ಜಾಬ್ ಯಂತ್ರವನ್ನು ಹಿಡಿದುಕೊಂಡಿದ್ದರೆ ಆ ಸಂಖ್ಯೆಗೆ ಬೆಲೆಯಿಲ್ಲ. ಜಾಬ್ ಬಳಸಿದ ಸಿಪಿಯು ಸಮಯ ಮತ್ತು ಡಿಸ್ಕ್ ಐಒ ಎಣಿಕೆ ಎರಡನ್ನೂ ಓಟದ ಮೊದಲು ಮತ್ತು ನಂತರ ಹಿಡಿದಿಡಿ. ಕ್ಯೂಸಿಸ್2 ಸ್ಕೀಮಾದಲ್ಲಿರುವ ಆಕ್ಟಿವ್ ಜಾಬ್ ಇನ್ಫೋ ಟೇಬಲ್ ಫಂಕ್ಷನ್ ಇವೆರಡನ್ನೂ ಕೊಡುತ್ತದೆ. ಆರ್‌ಪಿಜಿಯೊಳಗೆ ಡಿಫ್ ಫಂಕ್ಷನ್‌ನಿಂದ ಎರಡು ಟೈಮ್‌ಸ್ಟ್ಯಾಂಪುಗಳ ಅಂತರ ತೆಗೆಯುವವರು ಎಂಸೆಕೆಂಡ್ಸ್ ಎಂಬ ಘಟಕದ ಹೆಸರಿಗೆ ಮೋಸಹೋಗಬಾರದು: ಅಲ್ಲಿ ಅದರ ಅರ್ಥ ಮೈಕ್ರೊಸೆಕೆಂಡ್, ಮಿಲಿಸೆಕೆಂಡ್ ಅಲ್ಲ. ಸಾವಿರ ಪಟ್ಟಿನ ಈ ಗೊಂದಲ ಎಷ್ಟೋ ಅದ್ಭುತ ಫಲಿತಾಂಶಗಳ ಹಿಂದಿರಬಹುದು ಎಂಬ ಗುಮಾನಿ ನನಗಿದೆ.

ಒಂದು ಚೈನ್‌ನ ಸಮಯವನ್ನು ನೇರವಾಗಿ ಅಳೆಯಲು ಹೋಗಬೇಡಿ. ಹತ್ತು ಸಾವಿರ ಕೀಲಿಗಳನ್ನು ಯಾದೃಚ್ಛಿಕವಾಗಿ ಆರಿಸಿ ಮೊದಲೇ ಅರೇಯಲ್ಲಿಟ್ಟುಕೊಂಡು, ಎರಡೂ ಕ್ರಮಗಳಿಗೆ ಅದೇ ಕೀಲಿಗಳನ್ನು ಅದೇ ಸರದಿಯಲ್ಲಿ ಕೊಟ್ಟು, ಒಟ್ಟು ಸಮಯವನ್ನು ಭಾಗಿಸಿ. ಕೀಲಿಗಳು ಏರಿಕೆಯ ಕ್ರಮದಲ್ಲಿದ್ದರೆ ಪಕ್ಕಪಕ್ಕದ ರೆಕಾರ್ಡುಗಳು ಒಂದೇ ಪುಟದಲ್ಲಿ ಸಿಕ್ಕಿ ಎರಡೂ ಕ್ರಮಗಳು ಅನಗತ್ಯವಾಗಿ ಹೊಳೆಯುತ್ತವೆ. ಸರಾಸರಿಯ ಜೊತೆಗೆ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬರೆದಿಡಿ.

ಸಂವಾದಾತ್ಮಕ ಎಸ್‌ಕ್ಯೂಎಲ್ ಪರದೆಯಲ್ಲಿ ಕ್ವೆರಿ ಓಡಿಸಿ, ತಕ್ಷಣ ಬಂತು, ಆದ್ದರಿಂದ ವೇಗ ಎನ್ನುವುದು ಇನ್ನೊಂದು ಬಲೆ. ಅಲ್ಲಿ ನಿಮಗೆ ಕಾಣುವುದು ಮೊದಲ ಪರದೆ ತುಂಬುವಷ್ಟು ಸಾಲುಗಳು ಮಾತ್ರ. ಡೈನಾಮಿಕ್ ಕ್ವೆರಿಗಳಿಗೆ ಆಪ್ಟಿಮೈಜರ್ ಸಾಮಾನ್ಯವಾಗಿ ಮೊದಲ ಸಾಲುಗಳು ಬೇಗ ಬರುವ ಗುರಿಯಿಟ್ಟುಕೊಂಡರೆ, ಪ್ರೋಗ್ರಾಂನೊಳಗೆ ಅಡಕವಾದ ಸ್ಟ್ಯಾಟಿಕ್ ಸ್ಟೇಟ್‌ಮೆಂಟುಗಳಿಗೆ ಎಲ್ಲ ಸಾಲುಗಳೂ ಬೇಗ ಮುಗಿಯುವ ಗುರಿಯಿಟ್ಟುಕೊಳ್ಳುತ್ತದೆ. ಹೀಗಾಗಿ ಯೋಜನೆಯೇ ಬೇರೆಯಾಗಬಹುದು. ಸಬ್‌ಫೈಲಿನ (ಪರದೆಯಲ್ಲಿ ತೋರುವ ಪಟ್ಟಿಯ) ಒಂದು ಪುಟವಷ್ಟೇ ಬೇಕಿದ್ದರೆ ಆಪ್ಟಿಮೈಜ್ ಫಾರ್ ಎಂಬ ಭಾಗದಲ್ಲಿ ಸಾಲುಗಳ ಸಂಖ್ಯೆಯನ್ನು ಹೇಳಿ, ಪ್ರೋಗ್ರಾಂನೊಳಗೇ ಅಳೆಯಿರಿ.

ಎಸ್‌ಕ್ಯೂಎಲ್ ಅನಿರೀಕ್ಷಿತವಾಗಿ ಸೋತರೆ

ನೆಲ ಸಮ ಮಾಡಿದ ಮೇಲೂ ಎರಡನೆಯ ಅಥವಾ ಮೂರನೆಯ ಕೆಲಸದಲ್ಲಿ ಎಸ್‌ಕ್ಯೂಎಲ್ ಹಿಂದೆ ಬಿದ್ದರೆ ತೀರ್ಪು ಕೊಡುವ ಮೊದಲು ಯೋಜನೆಯನ್ನು ತೆರೆದು ನೋಡಬೇಕು. ಯೋಜನೆಯನ್ನು ಚಿತ್ರವಾಗಿ ತೋರಿಸುವ ವಿಷುವಲ್ ಎಕ್ಸ್‌ಪ್ಲೇನ್‌ನಲ್ಲಿ ಇಡೀ ಟೇಬಲ್ ಸ್ಕ್ಯಾನ್ ಕಂಡರೆ ಇಂಡೆಕ್ಸ್ ಇಲ್ಲದಿರಬಹುದು, ಅಥವಾ ವೇರ್ ಭಾಗದಲ್ಲಿ ಕಾಲಮಿನ ಮೇಲೆ ಸಬ್‌ಸ್ಟ್ರಿಂಗ್‌ನಂಥ ಫಂಕ್ಷನ್ ಹಾಕಿ ಇದ್ದ ಇಂಡೆಕ್ಸನ್ನೇ ನಿರುಪಯೋಗಿ ಮಾಡಿರಬಹುದು. ಇಂಡೆಕ್ಸ್ ಅಡ್ವೈಸರ್ ಸೂಚಿಸುವುದನ್ನೆಲ್ಲ ಕಟ್ಟಬೇಕಾಗಿಲ್ಲ, ಏಕೆಂದರೆ ಪ್ರತಿ ಇಂಡೆಕ್ಸೂ ಬರೆಯುವ ಕೆಲಸಕ್ಕೆ ಭಾರ. ಆದರೆ ಅದು ಅದೇ ಕೀಲಿಯನ್ನು ಮತ್ತೆ ಮತ್ತೆ ಸೂಚಿಸುತ್ತಿದ್ದರೆ ಕೇಳಬೇಕು. ಕ್ವೆರಿಯಲ್ಲಿ ಲಾಜಿಕಲ್ ಫೈಲಿನ ಹೆಸರು ಬರೆಯುವುದು ರೆಕಾರ್ಡ್ ಕ್ರಮದಿಂದ ಬಂದವರ ರೂಢಿ. ಟೇಬಲಿನ ಹೆಸರನ್ನೇ ಬರೆಯಿರಿ, ಇಂಡೆಕ್ಸನ್ನು ಆರಿಸುವುದು ಆಪ್ಟಿಮೈಜರಿನ ಕೆಲಸ. ಹಿಂದಿನ ಬಿಡುಗಡೆಗಳಲ್ಲಿ ಲಾಜಿಕಲ್ ಫೈಲನ್ನು ಹೆಸರಿಸಿದ ಕ್ವೆರಿಗಳು ಹಳೆಯ ಎಂಜಿನಿಗೆ ತಳ್ಳಲ್ಪಡುತ್ತಿದ್ದವು.

ಗೆದ್ದಾಗಲೂ ಯೋಜನೆಯನ್ನು ನೋಡಿ. ಬೇಕಾದ ಇಂಡೆಕ್ಸ್ ಇಲ್ಲದಿದ್ದಾಗ ಎಸ್‌ಕ್ಯೂಇ ಕೆಲವೊಮ್ಮೆ ತಾನೇ ಒಂದು ತಾತ್ಕಾಲಿಕ ಇಂಡೆಕ್ಸನ್ನು ಕಟ್ಟಿ, ನಿರ್ವಹಿಸುತ್ತ ಹೋಗುತ್ತದೆ. ಅದು ಇರುವವರೆಗೆ ಎಲ್ಲವೂ ಚುರುಕು. ಐಪಿಎಲ್, ಅಂದರೆ ಯಂತ್ರದ ಮರುಪ್ರಾರಂಭ, ಆದಾಗ ಅದೂ ಹೋಗುತ್ತದೆ, ಪ್ಲಾನ್ ಕ್ಯಾಶ್ ಕೂಡ ಬರಿದಾಗುತ್ತದೆ, ಮತ್ತು ನಿನ್ನೆ ಎರಡು ಸೆಕೆಂಡಿನಲ್ಲಿ ಮುಗಿಯುತ್ತಿದ್ದ ವರದಿಗೆ ಇಂದು ಬೆಳಗ್ಗೆ ಏನಾಯಿತು ಎಂದು ಎಲ್ಲರೂ ಕೇಳತೊಡಗುತ್ತಾರೆ. ಯೋಜನೆಯಲ್ಲಿ ಅಂಥ ಇಂಡೆಕ್ಸ್ ಕಂಡರೆ ಅದೇ ಕೀಲಿಗಳ ಮೇಲೆ ಶಾಶ್ವತವಾದುದನ್ನು ಕಟ್ಟಿ ಮತ್ತೊಮ್ಮೆ ಅಳೆಯಿರಿ.

ಫಲಿತಾಂಶವನ್ನು ಹೇಗೆ ಓದುವುದು

ಇಷ್ಟೆಲ್ಲ ಮಾಡಿದರೆ ಸಾಮಾನ್ಯವಾಗಿ ಕಾಣಸಿಗುವ ಚಿತ್ರ ಇದು: ಒಂದೇ ರೆಕಾರ್ಡ್ ತರುವ ಮೊದಲ ಕೆಲಸದಲ್ಲಿ ಚೈನ್ ಮುಂದಿರುತ್ತದೆ, ಆದರೆ ಬಳಕೆದಾರನಿಗೆ ತಿಳಿಯದಷ್ಟು ಅಂತರದಲ್ಲಿ. ಕೂಡಿಸಿ ಗುಂಪುಮಾಡುವ ಎರಡನೆಯ ಕೆಲಸದಲ್ಲಿ, ಮುಟ್ಟಬೇಕಾದ ಸಾಲುಗಳು ಹೆಚ್ಚಿದಷ್ಟೂ ಎಸ್‌ಕ್ಯೂಎಲ್ ಮುಂದೆ ಸರಿಯುತ್ತದೆ, ಏಕೆಂದರೆ ಸಾಲುಗಳು ಪ್ರೋಗ್ರಾಂವರೆಗೆ ಬರದೆ ಕೆಳಗೇ ಕೂಡಿಕೆಯಾಗುತ್ತವೆ. ಒಂದೇ ಅಪ್‌ಡೇಟ್ ಸ್ಟೇಟ್‌ಮೆಂಟಿನಲ್ಲಿ ಮುಗಿಯುವ ಮೂರನೆಯ ಕೆಲಸದಲ್ಲೂ ಹಾಗೆಯೇ, ಆದರೆ ಪ್ರತಿ ಸಾಲಿಗೂ ಬೇರೆ ನಿರ್ಧಾರ, ಬೇರೆ ಪ್ರೋಗ್ರಾಂ ಕರೆ ಬೇಕಾದರೆ ಆ ಲಾಭ ಕರಗುತ್ತದೆ. ನಿಮ್ಮಲ್ಲಿ ಎರಡು ಗೆರೆಗಳು ಎಷ್ಟು ಸಾಲುಗಳ ಬಳಿ ಒಂದನ್ನೊಂದು ದಾಟುತ್ತವೆ ಎಂಬುದನ್ನು ಕಂಡುಹಿಡಿಯಲು ಅದೇ ಕೆಲಸವನ್ನು ಹತ್ತು, ನೂರು, ಸಾವಿರ, ಹತ್ತು ಸಾವಿರ ಸಾಲುಗಳಿಗೆ ಓಡಿಸಿ ನೋಡಬೇಕು. ಒಂದೇ ಗಾತ್ರದಲ್ಲಿ ಮಾಡಿದ ಪರೀಕ್ಷೆ ಆ ದಾಟುವ ಜಾಗವನ್ನು ತೋರಿಸಲಾರದು.

ಒಂದು ಎಚ್ಚರಿಕೆ ಮಾತ್ರ ಉಳಿದಿದೆ. ರೆಕಾರ್ಡ್ ಕ್ರಮ ಓದುವುದು ಆ ಕ್ಷಣದ ಜೀವಂತ ದತ್ತಾಂಶವನ್ನು. ಆರ್ಡರ್ ಬೈ ಇರುವ ಕರ್ಸರಿಗೆ ಆಪ್ಟಿಮೈಜರ್, ನೀವು ತಡೆಯದಿದ್ದರೆ, ದತ್ತಾಂಶದ ನಕಲು ಮಾಡಿಕೊಂಡು ವಿಂಗಡಿಸಬಹುದು. ಕರ್ಸರ್ ತೆರೆದ ಮೇಲೆ ಬೇರೆ ಜಾಬ್ ಮಾಡಿದ ಬದಲಾವಣೆ ಆಗ ನಿಮಗೆ ಕಾಣುವುದಿಲ್ಲ. ವರದಿಗೆ ಇದು ಲಾಭ. ಉಳಿದಿರುವ ದಾಸ್ತಾನನ್ನು ನೋಡಿ ಹಂಚಿಕೆ ಮಾಡುವ ಪ್ರೋಗ್ರಾಂಗೆ ಇದು ದೋಷವಾಗಬಹುದು. ಅಂಥ ಕಡೆ ನಕಲಿಗೆ ಅವಕಾಶ ಕೊಡುವ ಆಯ್ಕೆಯನ್ನು ತೆಗೆದುಹಾಕಿ ಮತ್ತೆ ಅಳೆಯಿರಿ. ಬರುವ ಹೊಸ ಸಂಖ್ಯೆ ನಿಧಾನದ್ದಾಗಿದ್ದರೂ ಹೋಲಿಕೆಗೆ ಇಟ್ಟುಕೊಳ್ಳಬೇಕಾದದ್ದು ಅದನ್ನೇ. ಪರೀಕ್ಷೆಯ ಎರಡೂ ಪ್ರೋಗ್ರಾಂಗಳ ಮೂಲವನ್ನು, ಕೀಲಿಗಳ ಪಟ್ಟಿಯನ್ನು, ಆಗಿನ ಸಾಲುಗಳ ಸಂಖ್ಯೆ ಮತ್ತು ಆಪರೇಟಿಂಗ್ ಸಿಸ್ಟಂ ಬಿಡುಗಡೆಯನ್ನು ಒಂದೇ ಲೈಬ್ರರಿಯಲ್ಲಿ ಉಳಿಸಿಡಿ, ಟೇಬಲ್ ಹತ್ತು ಪಟ್ಟು ಬೆಳೆದಾಗ ಅಥವಾ ಹೊಸ ಬಿಡುಗಡೆ ಬಂದಾಗ ಇದೇ ಓಟವನ್ನು ಮತ್ತೆ ಓಡಿಸಲು ಅವು ಬೇಕಾಗುತ್ತವೆ.